ದುರ್ಯೋಧನನಿಗೆ ಮುಖ ಕೊಟ್ಟವರು

ಕವಿಯ ಹೆಸರನ್ನು ತನ್ನ ಹೆಸರಿನ ಮುಂದೆ ಕಟ್ಟಿಕೊಂಡ ಊರುಗಳು ನಮ್ಮ ನಾಡಿನಲ್ಲಿ ಬಹಳವಿಲ್ಲ. ಮಹಾಲಿಂಗಪುರದ ನೆರೆಯಲ್ಲಿ, ಕಬ್ಬಿನ ಹೊಲಗಳ ನಡುವೆ ಇರುವ ರನ್ನ ಬೆಳಗಲಿ ಅಂಥದೊಂದು. ಸಾವಿರ ವರ್ಷಗಳ ಹಿಂದೆ ಈ ಸೀಮೆಯ ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗನೊಬ್ಬ ಚಾಲುಕ್ಯ ಚಕ್ರವರ್ತಿಯ ಆಸ್ಥಾನಕ್ಕೆ ಹೋಗಿ ಕವಿಚಕ್ರವರ್ತಿಯಾದ. ಭೀಮ ದುರ್ಯೋಧನರ ಗದಾಯುದ್ಧವನ್ನು ಹಾಡಿದ. ಊರವರಿಗೆ ಇದು ಗೊತ್ತು. ಎತ್ತು ಹೊಡೆಯುವವನೂ "ನಮ್ಮ ರನ್ನ" ಎಂದೇ ಅನ್ನುತ್ತಾನೆ.

ಕೆಲವು ದಿನಗಳ ಹಿಂದೆ ಆ ಊರಿನಲ್ಲಿ ಒಂದು ಮಧ್ಯಾಹ್ನ ಕಳೆಯುವ ಸಂದರ್ಭ ಬಂದಿತ್ತು. ಶಾಲೆ ಬಿಟ್ಟು ಬರುತ್ತಿದ್ದ ಹುಡುಗನೊಬ್ಬನನ್ನು ನಿಲ್ಲಿಸಿ, "ದುರ್ಯೋಧನ ನೋಡಲಿಕ್ಕೆ ಹೆಂಗ ಇದ್ದ, ಹೇಳು ನೋಡೋಣ" ಎಂದೆ. ಹುಡುಗ ತಡಮಾಡಲಿಲ್ಲ. "ಟಿ.ವಿ.ಯಾಗ ಬರ್ತಾನಲ್ರೀ ಸರ, ಹಂಗ" ಎಂದ. ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರು ನಕ್ಕು, "ಅವಂಗೇನ ಗೊತ್ತರೀ! ದುರ್ಯೋಧನ ಅಂದ್ರ ನಾಟಕದಾಗಿನ ದುರ್ಯೋಧನ. ಅವ ಪರದೆ ಸರಿಸಿ ಹೊರಗ ಬಂದ್ರ ಮುಂದ ಕುಂತ ಕೂಸುಗೋಳು ಅಳತಿದ್ದುವು" ಎಂದರು. ಅವರ ಮನಸ್ಸಿನಲ್ಲಿದ್ದುದು ಕಂದಗಲ್ಲ ಹನುಮಂತರಾಯರ 'ಕುರುಕ್ಷೇತ್ರ'ದಂಥ ಕಂಪನಿ ನಾಟಕ. ಅದೇ ಪ್ರಶ್ನೆಯನ್ನು ನನಗೆ ಯಾರಾದರೂ ಕೇಳಿದ್ದರೆ ನಾನು ಮೂರನೆಯ ಉತ್ತರವನ್ನು ಕೊಡುತ್ತಿದ್ದೆ. ನನ್ನ ದುರ್ಯೋಧನ 'ಚಂದಮಾಮ'ದ ಮುಖಪುಟದಿಂದ ಬಂದವನು. ಅವನನ್ನು ಬರೆದವರು ಎಂ. ಟಿ. ವಿ. ಆಚಾರ್ಯರು.

ಒಂದೇ ಕಟ್ಟೆಯ ಸುತ್ತ ಮೂವರಿಗೆ ಮೂವರು ದುರ್ಯೋಧನರು. ರನ್ನನ ಊರಿನಲ್ಲಿ ರನ್ನನ ದುರ್ಯೋಧನ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವನ ಕೆಲಸವನ್ನು ಕುರಿತು ನಾಲ್ಕು ಮಾತು ಬರೆಯಬೇಕೆನ್ನಿಸಿದ್ದು ಆಗ. ನಮ್ಮ ವಿಮರ್ಶೆ ಈ ಜನರನ್ನು ಕಣ್ಣೆತ್ತಿ ನೋಡಿದ್ದು ಕಡಿಮೆ. ಮಕ್ಕಳ ಪುಸ್ತಕದ ವಿಮರ್ಶೆ ಎಂದರೆ ಕಥೆ ಹೇಗಿದೆ, ಭಾಷೆ ಸರಳವಾಗಿದೆಯೇ, ನೀತಿ ಇದೆಯೇ ಎಂದು ಮೂರು ಮಾತು. ಕೊನೆಯಲ್ಲಿ "ಚಿತ್ರಗಳು ಅಂದವಾಗಿವೆ" ಎಂಬ ಒಂದು ವಾಕ್ಯ. ಆ ಚಿತ್ರ ಬರೆದವರು ಯಾರು ಎಂದು ಹೇಳುವ ಗೊಡವೆಗೆ ವಿಮರ್ಶಕರು ಹೋಗುವುದಿಲ್ಲ. ಎಷ್ಟೋ ವೇಳೆ ಪ್ರಕಾಶಕರೇ ಹೇಳಿರುವುದಿಲ್ಲ.

'ಚಂದಮಾಮ' ಹುಟ್ಟಿದ್ದು 1947ರ ಜುಲೈಯಲ್ಲಿ, ಮದರಾಸಿನಲ್ಲಿ, ಮೊದಲು ತೆಲುಗು ತಮಿಳುಗಳಲ್ಲಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅದರ ಸ್ಥಾಪಕರು. ಸಿನಿಮಾ ಪ್ರಪಂಚದಲ್ಲಿಯೂ ಹೆಸರಾದ ಜೋಡಿ ಅದು. ಕನ್ನಡ ಚಂದಮಾಮ 1949ರಲ್ಲಿ ಬಂದಿತು. ಆ ಪತ್ರಿಕೆ ಹೇಗೆ ತಯಾರಾಗುತ್ತಿತ್ತು ಎಂಬುದನ್ನು ತಿಳಿಯದೆ ಅದರ ಚಿತ್ರಕಾರರ ಬೆಲೆಯನ್ನು ಕಟ್ಟುವುದು ಕಷ್ಟ. ಭಾಷೆ ಎಷ್ಟೇ ಇರಲಿ, ಚಿತ್ರ ಒಂದೇ. ತೆಲುಗಿನ ಹುಡುಗ ನೋಡಿದ ಚಿತ್ರವನ್ನೇ ಬಾಗಲಕೋಟೆಯ ಹುಡುಗಿಯೂ ನೋಡುತ್ತಿದ್ದಳು. ಪುಟದಲ್ಲಿ ಚಿತ್ರದ ಜಾಗ ಮೊದಲೇ ಗೊತ್ತಾಗಿರುತ್ತಿತ್ತು. ಉಳಿದ ಜಾಗದಲ್ಲಿ ಆಯಾ ಭಾಷೆಯ ಅಕ್ಷರಗಳನ್ನು ತುಂಬಬೇಕು. ಕನ್ನಡದ ವಾಕ್ಯ ಎರಡು ಸಾಲು ಉದ್ದವಾದರೆ ವಾಕ್ಯವನ್ನು ಕತ್ತರಿಸಬೇಕಲ್ಲದೆ ಚಿತ್ರವನ್ನು ಕತ್ತರಿಸುವಂತಿರಲಿಲ್ಲ. ಬೇರೆ ಪುಸ್ತಕಗಳಲ್ಲಿ ಚಿತ್ರ ಮಾತಿನ ಹಿಂದೆ ಕೈಕಟ್ಟಿ ನಿಂತಿರುತ್ತದೆ. ಇಲ್ಲಿ ಯಜಮಾನಿಕೆ ಅದರದೇ ಆಗಿತ್ತು. ಚಂದಮಾಮವನ್ನು ಓದಲು ಬಾರದ ಮಕ್ಕಳೂ 'ಓದುತ್ತಿದ್ದರು' ಎಂದು ಮನೆಗಳಲ್ಲಿ ಹೇಳುವ ಮಾತಿಗೆ ಇದೇ ಕಾರಣ.

ಚಿತ್ರಕಾರರ ಒಂದು ದೊಡ್ಡ ಬಳಗವೇ ಅಲ್ಲಿತ್ತು. 'ಚಿತ್ರಾ' ಎಂದು ಸಹಿ ಹಾಕುತ್ತಿದ್ದ ಟಿ. ವಿ. ರಾಘವನ್, 'ವಪಾ' ಎಂಬ ಎರಡಕ್ಷರದಲ್ಲಿ ಹೆಸರಾದ ವಡ್ಡಾದಿ ಪಾಪಯ್ಯ, ಐವತ್ತರ ದಶಕದ ಆರಂಭದಲ್ಲಿ ಬಂದು ಅರ್ಧ ಶತಮಾನಕ್ಕೂ ಮಿಕ್ಕು ಅಲ್ಲಿಯೇ ಉಳಿದ ಶಂಕರ್. ಹೆಣವನ್ನು ಹೆಗಲಿಗೆ ಹಾಕಿಕೊಂಡು, ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಚಿತ್ರವನ್ನು ನೋಡದ ಓದುಗರು ನಮ್ಮಲ್ಲಿ ವಿರಳ; ಅದು ಶಂಕರ್ ಅವರದು. 2020ರಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡ ಅವರಿಗೆ 2021ರಲ್ಲಿ ಮರಣೋತ್ತರ ಪದ್ಮಶ್ರೀ ಬಂದಿತು. ಈ ಬಳಗದಲ್ಲಿ ಆಚಾರ್ಯರು ಕನ್ನಡಿಗರು. ಪತ್ರಿಕೆಯ ಮೊದಲ ಕಾಲದ ಕಲಾವಿದರಲ್ಲಿ ಒಬ್ಬರು. ಮುಖಪುಟದ ಮೇಲೆ ತಿಂಗಳಿಗೊಂದರಂತೆ ವರ್ಷಗಟ್ಟಲೆ ಅವರು ಬರೆದ ಮಹಾಭಾರತದ ವರ್ಣಚಿತ್ರಗಳೇ ಅವರ ಮುಖ್ಯ ಕೃತಿ ಎನ್ನಬೇಕು. ಮುಂದೆ ಅವರು ಮದರಾಸನ್ನು ಬಿಟ್ಟು ಬೆಂಗಳೂರಿಗೆ ಬಂದರು. ಚಿತ್ರಕಲಾ ಭವನವೊಂದನ್ನು ತೆರೆದು ಅಂಚೆಯ ಮೂಲಕ ಪಾಠ ಹೇಳಿದರು. ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ತಿಂಗಳಿಗೊಂದು ಮುಖಪುಟ ಎಂದರೆ ಏನೆಂದು ಯೋಚಿಸಿ ನೋಡಬೇಕು. ವರ್ಷಕ್ಕೆ 12 ಚಿತ್ರ. ವ್ಯಾಸರು ಹದಿನೆಂಟು ಪರ್ವಗಳಲ್ಲಿ ಹೇಳಿದ್ದನ್ನು ಚಿತ್ರಕಾರ ಹೀಗೆ ಹನ್ನೆರಡು ಹನ್ನೆರಡಾಗಿ ಹೇಳಬೇಕು. ಕಥೆಗಾರನಾದರೆ "ಆಮೇಲೆ" ಎನ್ನಬಹುದು. ಚಿತ್ರಕಾರನಿಗೆ "ಆಮೇಲೆ" ಎಂಬ ಮಾತಿಲ್ಲ. ಆ ಒಂದು ಗಳಿಗೆಯಲ್ಲಿ ಹಿಂದಿನದೂ ಮುಂದಿನದೂ ಕಾಣಬೇಕು; ಅಂಗಡಿಯ ಹಗ್ಗಕ್ಕೆ ತೂಗುಹಾಕಿದ ಪತ್ರಿಕೆಯನ್ನು ದೂರದಿಂದ ನೋಡಿದ ಮಗು ಅಪ್ಪನ ಅಂಗಿಯ ಚುಂಗು ಹಿಡಿದು ಜಗ್ಗಬೇಕು. ಮನೆಗೆ ಬಂದಮೇಲೆ ಅದೇ ಚಿತ್ರವನ್ನು ಮುಂದಿನ ಸಂಚಿಕೆ ಬರುವ ತನಕ ಮೂವತ್ತು ದಿನ ನೋಡಿದರೂ ಬೇಸರ ಬರಬಾರದು. ಈ ಎರಡು ಬೇಡಿಕೆಗಳು ಒಂದಕ್ಕೊಂದು ಹೊಂದುವಂಥವಲ್ಲ. ದೂರದಿಂದ ಸೆಳೆಯುವ ಚಿತ್ರ ಹತ್ತಿರದಲ್ಲಿ ಬೇಗ ಮುಗಿದುಹೋಗುತ್ತದೆ. ಸಿನಿಮಾ ಭಿತ್ತಿಪತ್ರಗಳ ಗತಿ ಅದೇ ಅಲ್ಲವೆ?

ಆಚಾರ್ಯರು ಇದನ್ನು ಸಾಧಿಸಿದ ಬಗೆ ನನಗೆ ಕಂಡಂತೆ ಹೀಗೆ. ದೊಡ್ಡ ಆಕೃತಿಗಳನ್ನು ಅವರು ನಾಟಕದವರಂತೆ ನಿಲ್ಲಿಸಿದರು: ಕಿರೀಟ, ಭುಜಕೀರ್ತಿ, ತೋಳಬಂದಿ, ಹಾರಾಡುವ ಉತ್ತರೀಯ. ನೋಡಿದ ಕೂಡಲೆ ರಾಜ ಯಾರು, ಸೂತ ಯಾರು ಎಂದು ತಿಳಿಯುತ್ತದೆ. ಆದರೆ ಆ ವೇಷದ ಒಳಗೆ ಮೈಯಿದೆ. ಗದೆ ಎತ್ತಿದರೆ ಹೆಗಲಿನ ಸ್ನಾಯು ಉಬ್ಬುತ್ತದೆ. ಬಿದ್ದವನ ಮೈಯಲ್ಲಿ ಭಾರವಿದೆ. ರಾಜಾ ರವಿವರ್ಮನಿಂದ ಬಂದ ಮಾರ್ಗ ಇದು, ಸಂದೇಹವಿಲ್ಲ. 1894ರಲ್ಲಿ ಮುಂಬಯಿಯ ಬಳಿ ರವಿವರ್ಮನ ಅಚ್ಚುಕೂಟ ಶುರುವಾದಮೇಲೆ ನಮ್ಮ ದೇವರುಗಳಿಗೆಲ್ಲ ಒಂದೇ ಬಗೆಯ ಮೈಕಟ್ಟು ಬಂದಿತು. ಕಲಬುರ್ಗಿಯ ಎಸ್. ಎಂ. ಪಂಡಿತರು ಅದೇ ಮಾರ್ಗವನ್ನು ಕ್ಯಾಲೆಂಡರುಗಳಲ್ಲಿ ಮುಂದುವರಿಸಿ, ಅದಕ್ಕೆ ಇನ್ನಷ್ಟು ಮೈಹೊಳಪು, ಇನ್ನಷ್ಟು ಮಾದಕತೆ ತಂದರು. ಪಂಡಿತರ ಪುರಾಣಪುರುಷರು ನಮ್ಮನ್ನು ನೋಡುತ್ತಾರೆ. ತಮ್ಮನ್ನು ನೋಡುತ್ತಿದ್ದೇವೆಂದು ಅವರಿಗೆ ಗೊತ್ತು. ಆಚಾರ್ಯರ ಜನ ತಮ್ಮ ತಮ್ಮಲ್ಲಿಯೇ ಮಗ್ನರು. ಒಬ್ಬ ಮಾತಾಡುತ್ತಾನೆ, ಇನ್ನೊಬ್ಬ ಕೇಳುತ್ತಾನೆ, ಮೂರನೆಯವನು ಮುಖ ತಿರುಗಿಸುತ್ತಾನೆ. ಮಗು ಕಿಟಕಿಯಲ್ಲಿ ಇಣುಕಿದಂತೆ ಈ ಜಗಳವನ್ನು ನೋಡುತ್ತದೆ. ಪೂಜೆಗೆ ಇಡುವ ಚಿತ್ರಕ್ಕೂ ಕಥೆ ಹೇಳುವ ಚಿತ್ರಕ್ಕೂ ಇರುವ ಅಂತರ ಇದೇ ಎಂದು ನನಗೆ ತೋರುತ್ತದೆ.

ಇನ್ನೂ ಒಂದು ಗುಣ ಅವರಲ್ಲಿತ್ತು. ಅದನ್ನು ನಾನು ಅರಿತದ್ದು ದೊಡ್ಡವನಾದ ಮೇಲೆ. ಕೌರವ ಪಾಂಡವರು ಒಂದೇ ಅಜ್ಜಿಯ ಮರಿಮಕ್ಕಳೆಂಬುದನ್ನು ಅವರು ಮರೆಯಲಿಲ್ಲ. ದುಷ್ಟನೆಂದು ತೋರಿಸಲು ದುರ್ಯೋಧನನಿಗೆ ಕೆಂಗಣ್ಣು ಕೋರೆಹಲ್ಲು ಬರೆಯುವುದು ಸುಲಭ. ಅಗ್ಗದ ಮಕ್ಕಳ ಪುಸ್ತಕಗಳಲ್ಲಿ ಅವನಿಗೂ ಬಕಾಸುರನಿಗೂ ಮೀಸೆಯಲ್ಲಿ ಸಹ ವ್ಯತ್ಯಾಸವಿರುವುದಿಲ್ಲ. ನನ್ನ ನೆನಪಿನಲ್ಲಿ ಉಳಿದಿರುವ ಆಚಾರ್ಯರ ದುರ್ಯೋಧನ ಚೆಲುವ. ರಾಜನ ಮಗನಂತೆ ನಿಲ್ಲುತ್ತಾನೆ. ಅವನು ಕೆಟ್ಟವನೆಂಬುದು ಅವನ ಮುಖದಿಂದಲ್ಲ, ಅವನು ಮಾಡುತ್ತಿರುವ ಕೆಲಸದಿಂದ ತಿಳಿಯಬೇಕು. ಏಳು ವರ್ಷದ ಹುಡುಗನಿಗೆ ಇದು ತೊಡಕಿನ ವಿಷಯ. ಚೆಲುವನಾದ, ಧೀರನಾದ ಒಬ್ಬನು ಕೆಟ್ಟ ಕೆಲಸ ಮಾಡುತ್ತಿದ್ದಾನೆ ಎಂಬ ಸಂಗತಿಯನ್ನು ನಾನು ಮೊದಲು ಎದುರಿಸಿದ್ದು ಯಾವ ಗ್ರಂಥದಲ್ಲಿಯೂ ಅಲ್ಲ, ಆ ಮುಖಪುಟದಲ್ಲಿ.

ಹಾಗೆಂದು ದೋಷಗಳಿಲ್ಲವೆಂದಲ್ಲ. ಒಬ್ಬ ಕಲಾವಿದನ ಬಗ್ಗೆ ಹೊಗಳಿಕೆಯನ್ನಷ್ಟೇ ಬರೆದರೆ ಅವನನ್ನು ಮತ್ತೊಮ್ಮೆ ಉಪೇಕ್ಷಿಸಿದಂತೆಯೇ. ಈ ಚಿತ್ರಗಳಲ್ಲಿ ಒಡವೆ ಹೆಚ್ಚಾಯಿತು. ಅಜ್ಞಾತವಾಸದಿಂದ ಬಂದವರ ಮೈಮೇಲೂ ಚಿನ್ನ ಕಳೆಯದು. ಅರಮನೆಗಳೆಲ್ಲ ಒಂದೇ ಶಿಲ್ಪಿ ಕಟ್ಟಿದಂತಿವೆ. ಹಸ್ತಿನಾವತಿಯ ಕಂಬ ವಿರಾಟನಗರದಲ್ಲಿಯೂ ನಿಂತಿದೆ. ಹೆಣ್ಣುಗಳು ಹೆಚ್ಚಾಗಿ ಒಂದೇ ಅಚ್ಚಿನವರು. ಎಲ್ಲಕ್ಕಿಂತ ಮುಖ್ಯವಾಗಿ, ಈ ಮಹಾಭಾರತಕ್ಕೆ ನೆಲವಿಲ್ಲ. ಎಲ್ಲಿಯ ಮಣ್ಣು ಅದು? ಬೆಳಗಲಿಯ ಕರಿಮಣ್ಣಲ್ಲ, ಘಟಪ್ರಭೆಯ ದಂಡೆಯಲ್ಲ, ಗಂಗೆಯ ಬಯಲೂ ಅಲ್ಲ. ಇದಕ್ಕೆ ಚಿತ್ರಕಾರರನ್ನು ಮಾತ್ರ ದೂರುವುದು ನ್ಯಾಯವಲ್ಲ. ಹಲವು ಭಾಷೆಗಳಲ್ಲಿ ಒಂದೇ ಚಿತ್ರ ಹೋಗಬೇಕಾದರೆ ಅದರಲ್ಲಿ ಯಾವ ಊರಿನ ಮರವನ್ನು ಬರೆಯುವುದು? ಎಲ್ಲರಿಗೂ ಸಲ್ಲುವಂತೆ ಬರೆಯಬೇಕೆಂಬ ಕಟ್ಟಳೆಯಿಂದ ಚಂದಮಾಮಕ್ಕೆ ಲಕ್ಷಾಂತರ ಓದುಗರು ದೊರೆತರು. ಆ ಕಟ್ಟಳೆಗೆ ತೆತ್ತ ಬೆಲೆ ಇದು. 1967ರಲ್ಲಿ ಕಾರ್ಕಳದ ಅನಂತ ಪೈಗಳು 'ಅಮರ ಚಿತ್ರಕಥೆ'ಯನ್ನು ಪ್ರಾರಂಭಿಸಿದಾಗಲೂ ಅದೇ ಕಟ್ಟಳೆ ಮುಂದುವರಿಯಿತು. ಅಲ್ಲಿ ಪುಟವನ್ನು ಚೌಕಗಳಾಗಿ ಒಡೆದು ಮಾತುಗಳನ್ನು ಗುಳ್ಳೆಗಳಲ್ಲಿ ತುಂಬಿದ್ದರಿಂದ ಕಥೆ ಓಡಿತು; ಚಿತ್ರದ ಮುಂದೆ ಮಗು ನಿಂತು ನೋಡುವ ಅಭ್ಯಾಸ ತಪ್ಪಿತು.

ಇಲ್ಲಿ ರನ್ನನ ಮಾತು ಬರುತ್ತದೆ. 'ಗದಾಯುದ್ಧ'ವನ್ನು ಓದಿದವರು ಬಲ್ಲರು. ಅವನು ಇಡೀ ಭಾರತವನ್ನು ಮೊದಲಿಂದ ಹೇಳಲಿಲ್ಲ. ಕಡೆಯ ದಿನವನ್ನು ಆರಿಸಿಕೊಂಡ. ಅಲ್ಲಿ ನಿಂತು ಸಿಂಹದಂತೆ ಹಿಂದಿರುಗಿ ನೋಡಿದ. ಒಂದು ಗಳಿಗೆಯಲ್ಲಿ ಹಿಂದಿನದೆಲ್ಲ ಕಾಣುವಂತೆ ಮಾಡುವ ಈ ಉಪಾಯ ಮುಖಪುಟದ ಚಿತ್ರಕಾರನ ಉಪಾಯವೇ ಅಲ್ಲವೆ? ಚಂದಮಾಮದ ಕಲಾವಿದ ಪ್ರತಿ ತಿಂಗಳೂ ಪಡುತ್ತಿದ್ದ ಪಾಡನ್ನು ಹತ್ತನೆಯ ಶತಮಾನದಲ್ಲಿ ಈ ಬಳೆಗಾರರ ಮಗ ಪಟ್ಟಿದ್ದ, ಗೆದ್ದಿದ್ದ.

ಅವನ ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತಾನೆ. ಸತ್ತ ಆನೆಗಳು, ಮುರಿದ ರಥಗಳು, ಅಣಕವಾಡುವ ಮರುಳುಗಳು. ದ್ರೋಣನ ದೇಹವನ್ನು ಕಾಣುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆ ನಿಂತು, ತನಗೂ ಅಂಥ ಸಾವು ಬರಲೆಂದು ಕೈಮುಗಿಯುತ್ತಾನೆ. ತನ್ನ ಮಗನನ್ನು ಕಾಣುತ್ತಾನೆ, ತಮ್ಮನನ್ನು ಕಾಣುತ್ತಾನೆ, ಕರ್ಣನ ಮುಂದೆ ಬಂದು ಕುಸಿಯುತ್ತಾನೆ. ಮಕ್ಕಳಿಗೆ ಈ ಭಾಗ ಬೇಡ, ಹೆಣಗಳಿವೆ, ಎಂದು ಯಾರಾದರೂ ಹೇಳಿಯಾರು. ಹೆಣವನ್ನು ಹೆಗಲ ಮೇಲೆ ಹೊತ್ತ ವಿಕ್ರಮನನ್ನು ಮೂರು ತಲೆಮಾರಿನ ಮಕ್ಕಳು ತಿಂಗಳು ತಿಂಗಳೂ ನೋಡಿ ಬೆಳೆದರು. ಯಾರಿಗೂ ಏನೂ ಆಗಲಿಲ್ಲ. ಬೈಗುಳ, ಹೊಡೆದಾಟ, ತೊಡೆ ಮುರಿಯುವುದು ಇವನ್ನೆಲ್ಲ ಬರೆದು, ಸೋತವನು ಒಬ್ಬನೇ ನಡೆಯುವುದನ್ನು ಮಾತ್ರ ಬಿಟ್ಟುಬಿಡುವುದು ಯಾವ ನೀತಿ? ಆಚಾರ್ಯರ ಮುಖಪುಟಗಳು ದುರ್ಯೋಧನನಿಗೆ ಗೌರವ ಕೊಟ್ಟವು. ಆದರೆ ಸಭೆ, ಸಂಧಾನ, ಯುದ್ಧ ಎಂದು ಗುಂಪಿನ ನಡುವೆಯೇ ಅವನು ನನಗೆ ನೆನಪಾಗುತ್ತಾನೆ. ಅವನಿಗೆ ಏಕಾಂತವನ್ನು ಕೊಟ್ಟ ಕನ್ನಡದ ಕವಿ ರನ್ನ. ಬಿ.ಎಂ.ಶ್ರೀ.ಯವರು ಆ ಕಾವ್ಯವನ್ನೇ 'ಗದಾಯುದ್ಧ ನಾಟಕ'ವಾಗಿಸಿ ರಂಗಕ್ಕೆ ತಂದಾಗ ಇದನ್ನು ಕಂಡುಕೊಂಡರು. ನಮ್ಮ ಮಕ್ಕಳ ಪುಸ್ತಕಗಳಿಗೆ ಅದು ಇನ್ನೂ ಬಂದಂತಿಲ್ಲ.

ಬರೆಯಹೊರಟರೆ ಕಷ್ಟವೂ ಇದೆ ಎನ್ನಿ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ಭೀಮನ ಗರ್ಜನೆಯನ್ನು ಕೇಳಿ ನೀರಿನ ಒಳಗಿದ್ದೇ ಬೆವರುತ್ತಾನೆ. ನಮ್ಮ ಪಂಡಿತರು ಸಾವಿರ ಸಲ ಮೆಚ್ಚಿದ ಕಲ್ಪನೆ. ಇದನ್ನು ಚಿತ್ರದಲ್ಲಿ ತೋರಿಸುವುದು ಹೇಗೆ? ನೀರಿನೊಳಗೆ ಬೆವರು ಕಾಣುವುದಿಲ್ಲ. ಇದು ಮಾತಿಗೆ ಮಾತ್ರ ದಕ್ಕುವ ಸಂಗತಿ. ಬಲ್ಲ ಚಿತ್ರಕಾರ ಇದನ್ನು ಬಿಟ್ಟುಕೊಟ್ಟು, ದಡದ ಮೇಲಿನ ಭೀಮನನ್ನೂ ನಡುಗುವ ನೀರನ್ನೂ ಬರೆದಾನು. ನೀರಿನ ಕೆಳಗೆ ಏನಿದೆ ಎಂದು ಮಗು ತಾನೇ ಕೇಳಲಿ. ಯಾವುದನ್ನು ಬರೆಯಬಾರದೆಂದು ತಿಳಿಯುವುದು ಈ ಕಸುಬಿನಲ್ಲಿ ಅರ್ಧ ವಿದ್ಯೆ. ಆಚಾರ್ಯರಂಥವರಿಗೆ ಆ ವಿದ್ಯೆ ಇತ್ತು. ಆ ಕಾವ್ಯವನ್ನು ಅವರ ಮುಂದಿಟ್ಟು ಬರೆಯಿರಿ ಎನ್ನುವ ಕನ್ನಡ ಪ್ರಕಾಶಕರು ಇದ್ದಿದ್ದರೆ ಎಂದು ಅನ್ನಿಸುತ್ತದೆ. ಆಗ ಬೇರೆ ಭಾಷೆಗಳಿಗೆ ಸಲ್ಲಬೇಕೆಂಬ ಕಟ್ಟಳೆಯೂ ಇರುತ್ತಿರಲಿಲ್ಲ. ದುರ್ಯೋಧನ ಮುಧೋಳದ ಕರಿಮಣ್ಣಿನ ಮೇಲೆ ನಡೆಯಬಹುದಾಗಿತ್ತು.

ಇನ್ನು ಹೆಸರಿನ ಮಾತು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ 'ಶ್ರೀ ಕವಿರತ್ನ' ಎಂದು ಕೆತ್ತಿರುವುದನ್ನು ಯಾತ್ರಿಕರು ಈಗಲೂ ನೋಡಬಹುದು. ಅದು ರನ್ನನ ಸಹಿಯೆಂದು ವಿದ್ವಾಂಸರು ಹೇಳುತ್ತಾರೆ. ಸಂಕೋಚದ ಮನುಷ್ಯನಲ್ಲ ಅವನು. ತನ್ನ ಕುಲ, ತಂದೆ ತಾಯಿ, ಹೆಂಡಿರು ಮಕ್ಕಳು ಎಲ್ಲವನ್ನೂ ಕಾವ್ಯದಲ್ಲಿ ಹೇಳಿಕೊಂಡ. ಸಾಲದೆಂದು ಕಲ್ಲಿನಲ್ಲಿಯೂ ಬರೆದ. ಕೊನೆಗೆ ಒಂದು ಊರೇ ಅವನ ಹೆಸರನ್ನು ಹೊತ್ತಿತು. ನಮ್ಮ ಚಿತ್ರಕಾರನ ಸಹಿ ಇರುವುದು ಮುಖಪುಟದ ಕೆಳಮೂಲೆಯಲ್ಲಿ, ಅಂಗುಲದಷ್ಟು ಜಾಗದಲ್ಲಿ. ಪತ್ರಿಕೆಯಲ್ಲಿ ಮೊದಲು ಹರಿಯುವ ಭಾಗ ಮುಖಪುಟ. ಮುಖಪುಟದಲ್ಲಿ ಮೊದಲು ಸವೆಯುವುದು ಮೂಲೆ.

ಇದಕ್ಕಿಂತ ಕೆಟ್ಟದ್ದೂ ಇದೆ. ನಮ್ಮ ಗ್ರಂಥಾಲಯಗಳಲ್ಲಿ ವರ್ಷದ ಸಂಚಿಕೆಗಳನ್ನು ಒಟ್ಟುಗೂಡಿಸಿ ಬೈಂಡು ಹಾಕಿಸುವ ಪದ್ಧತಿ ಉಂಟು. ಬೈಂಡು ಹಾಕುವವನು ಮೊದಲು ಮಾಡುವ ಕೆಲಸ ಮುಖಪುಟಗಳನ್ನು ಕಿತ್ತುಹಾಕುವುದು. ದಪ್ಪ ಕಾಗದ ಹೊಲಿಗೆಗೆ ಅಡ್ಡ ಬರುತ್ತದಂತೆ. ಹೀಗೆ ಒಳಗಿನ ಕಥೆಗಳು ಉಳಿದವು, ಒಳಗಿನ ಕಪ್ಪು ಗೆರೆಯ ಚಿತ್ರಗಳೂ ಉಳಿದವು. ಹೊರಗಿನ ಮಹಾಭಾರತ ರದ್ದಿಗೆ ಹೋಯಿತು. ಚಂದಮಾಮ 1998ರಲ್ಲಿ ಒಮ್ಮೆ ನಿಂತು, ಮತ್ತೆ ಎದ್ದು, 2007ರಲ್ಲಿ ಬೇರೊಂದು ಕಂಪನಿಯ ಕೈಸೇರಿ, ಕೆಲವೇ ವರ್ಷಗಳಲ್ಲಿ ಪೂರ್ತಿ ಕಣ್ಮರೆಯಾಯಿತು. ಹಳೆಯ ಸಂಚಿಕೆಗಳನ್ನು ಉಳಿಸಿದವರು ಬಹುಮಟ್ಟಿಗೆ ಅಭಿಮಾನಿ ಓದುಗರೇ. ಕನ್ನಡ ಮಕ್ಕಳ ಸಾಹಿತ್ಯದ ಚರಿತ್ರೆ ಬರೆಯುವವರು ಪದ್ಯ ಬರೆದವರನ್ನು, ಕಥೆ ಬರೆದವರನ್ನು ಹೆಸರು ಹಿಡಿದು ಎಣಿಸುತ್ತಾರೆ. ಚಿತ್ರ ಬರೆದವರಿಗೆ ಅದರಲ್ಲಿ ಒಂದು ಅಧ್ಯಾಯ ಬೇಡವೆ? ನಮ್ಮ ಅಕಾಡೆಮಿಗಳಲ್ಲೊಂದು ಈ ಮುಖಪುಟಗಳನ್ನು ಹುಡುಕಿ, ಒಂದೆಡೆ ಸೇರಿಸಿ, ಒಳ್ಳೆಯ ಕಾಗದದ ಮೇಲೆ ಅಚ್ಚು ಮಾಡಿಸಬಾರದೆ? ಖರ್ಚು ಬಹಳವಾಗದು. ತಡವಾದಷ್ಟೂ ಸಿಗುವುದು ಕಡಿಮೆ.

ಆಚಾರ್ಯರ ಅಂಚೆ ಪಾಠಗಳ ವಿಷಯ ಬಾಕಿ ಉಳಿಯಿತು. ಬೆಂಗಳೂರಿಗೂ ಮೈಸೂರಿಗೂ ಹೋಗಿ ಚಿತ್ರಕಲೆ ಕಲಿಯುವ ಅನುಕೂಲವಿಲ್ಲದವರಿಗೆ, ಹೈಸ್ಕೂಲಿನ ಡ್ರಾಯಿಂಗ್ ತರಗತಿಯಲ್ಲಿ ಹೂಜಿ ಬರೆದು ಮುಗಿಸಿದವರಿಗೆ, ಈ ಪಾಠಗಳು ಲಕೋಟೆಯಲ್ಲಿ ಬರುತ್ತಿದ್ದುವು. ಅಂಗೈ, ಪಾದ, ಬಟ್ಟೆಯ ಮಡಿಕೆ, ನೆರಳು. ಶಿಷ್ಯ ಬರೆದು ಕಳಿಸಬೇಕು. ತಿದ್ದುಪಡಿಯೊಡನೆ ಹಾಳೆ ಮರಳಿ ಬರಬೇಕು. ಮುಖ ನೋಡದ ಗುರು ಶಿಷ್ಯರ ಈ ಸಂಬಂಧ ವಿಚಿತ್ರವಾಗಿ ಕಂಡರೂ ಆಚಾರ್ಯರಿಗೆ ಅದು ಹೊಸದೇನಾಗಿರಲಿಲ್ಲ. ಅವರ ಚಿತ್ರವನ್ನು ಸ್ಲೇಟಿನ ಮೇಲೆ ಕದ್ದು ಬರೆದ ಮಕ್ಕಳು ಮೊದಲಿನಿಂದಲೂ ಊರೂರಲ್ಲಿ ಇದ್ದರು.

ಅವರಲ್ಲಿ ನಾನೂ ಒಬ್ಬ. ನಾಲ್ಕನೆಯ ಇಯತ್ತೆಯಲ್ಲಿ ನನ್ನ ಗಣಿತದ ಪುಸ್ತಕಕ್ಕೆ ನಮ್ಮಣ್ಣ ಚಂದಮಾಮದ ಮುಖಪುಟವನ್ನು ಹರಿದು ರಟ್ಟು ಹಾಕಿಕೊಟ್ಟಿದ್ದ. ಲೆಕ್ಕ ತಪ್ಪಿದಾಗಲೆಲ್ಲ ಪುಸ್ತಕ ಮುಚ್ಚಿ ಆ ಚಿತ್ರವನ್ನು ನೋಡುತ್ತಿದ್ದೆ. ಗದೆ ಹಿಡಿದ ಕೈ ಮೇಲಿನ ಮಡಿಕೆಯೊಳಗೆ ಹೋಗಿಬಿಟ್ಟಿತ್ತು; ಎದುರಾಳಿ ಯಾರೆಂಬುದು ಬೆನ್ನಿನ ಕಡೆಗೆ ತಿರುಗಿಸಿದರೆ ಮಾತ್ರ ಕಾಣುತ್ತಿತ್ತು. ಸಹಿ ಇದ್ದ ಮೂಲೆಯನ್ನು ಅಣ್ಣ ಅಂಟು ಹಚ್ಚಿ ಒಳಗೆ ಮಡಚಿದ್ದ. ವರ್ಷದ ಕೊನೆಗೆ ಅದನ್ನು ಬಿಚ್ಚಿ ನೋಡಿದಾಗ ಅಂಟಿನ ಕಲೆಯ ಕೆಳಗೆ ಬಣ್ಣ ಇನ್ನೂ ಹೊಚ್ಚ ಹೊಸದಾಗಿತ್ತು.